ಮೊಣಕಾಲೆತ್ತರದ ಮರ

ನಮ್ಮ ಮನೆಯ ಮೇಲಿನ ಬೆಟ್ಟದಲ್ಲಿ, ಹಳ್ಳದ ದಂಡೆಗೆ, ಒಂದು ರಾಮಪತ್ರೆ ಸಸಿಯಿದೆ. ಎತ್ತರ ನನ್ನ ಮೊಣಕಾಲಿನಷ್ಟು. ಎಲೆ ಹದಿಮೂರು. ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗಲೂ ಅದು ಅಲ್ಲೇ ಇತ್ತು, ಈಗಿನದಕ್ಕಿಂತ ನಾಲ್ಕು ಬೆರಳು ಗಿಡ್ಡವಿತ್ತು ಎನ್ನುತ್ತಾರೆ ಅಪ್ಪಯ್ಯ. ಪಕ್ಕದಲ್ಲಿ ಮಲಗಿದ ಎಮ್ಮೆಯಂಥ ಒಂದು ಬಂಡೆ ಇರುವುದರಿಂದ ಅವರಿಗೆ ಗುರುತು ತಪ್ಪುವುದಿಲ್ಲವಂತೆ. ನನಗೀಗ ನಲವತ್ತೊಂದು. ಲೆಕ್ಕ ಹಾಕಿದರೆ ಆ ಸಸಿಗೆ ಮೂವತ್ತಾದರೂ ಆಗಿರಬೇಕು.

ಪುಣೆಯಿಂದ ಪ್ರತಿ ಭಾನುವಾರ ಫೋನ್ ಮಾಡಿದಾಗ ಅಪ್ಪಯ್ಯ ಮೊದಲು ಅಡಿಕೆ ದರ ಹೇಳುತ್ತಾರೆ, ಆಮೇಲೆ ಆಯಿಯ ಮಂಡಿನೋವು, ಕೊನೆಗೆ ನಾನೇ ಕೇಳಿದರೆ ಈ ಸಸಿಯ ಸುದ್ದಿ. ಕೇಳುವುದಕ್ಕೆ ಕಾರಣವಿದೆ. ಅದರ ಜೊತೆಗಿದ್ದ ಮೂವತ್ತೆರಡು ಸಸಿಗಳನ್ನು ಕೊಂದವನು ನಾನು.

2020ರ ಮೇ ತಿಂಗಳಲ್ಲಿ ಪಾಸು ಮಾಡಿಸಿಕೊಂಡು ಊರಿಗೆ ಹೋದವನು ಎರಡು ವರ್ಷ ಅಲ್ಲೇ ಉಳಿದೆ. ನಮ್ಮೂರು ಸಿದ್ದಾಪುರ ತಾಲ್ಲೂಕಿನದು. ತೋಟ, ತೋಟದ ತಲೆಯ ಮೇಲೆ ಸೊಪ್ಪಿನ ಬೆಟ್ಟ. ಉತ್ತರ ಕನ್ನಡದ ಘಟ್ಟದ ಮೇಲಿನ ಅಡಿಕೆ ಬೆಳೆಗಾರರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಇಂಥ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ಇದೆ. ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು, ಮರ ಕಡಿಯುವಂತಿಲ್ಲ. ಹೆಚ್ಚಿನ ಬೆಟ್ಟಗಳು ಸೊಪ್ಪು ಕಡಿದು ಕಡಿದು ಬೋಳಾಗಿವೆ. ನಮ್ಮದರಲ್ಲಿ ಹಳ್ಳದ ಪಕ್ಕದ ಒಂದು ತುಂಡು ಮಾತ್ರ ಹಾಗಾಗಲಿಲ್ಲ. ಅಜ್ಜ ಅಲ್ಲಿ ಕತ್ತಿ ಆಡಿಸಲು ಬಿಡುತ್ತಿರಲಿಲ್ಲ. ಹಳ್ಳ ಬತ್ತಿದರೆ ತೋಟ ಬತ್ತುತ್ತದೆ ಎಂಬ ಸರಳ ಲೆಕ್ಕ ಅವನದು. ಹೆಬ್ಬಲಸು, ಹೈಗ, ನೇರಳೆ, ನಾಗಸಂಪಿಗೆ ಅಲ್ಲಿ ಒತ್ತೊತ್ತಾಗಿ ಬೆಳೆದಿವೆ. ಮಧ್ಯಾಹ್ನ ಹನ್ನೆರಡಕ್ಕೆ ಒಳಗೆ ಹೋದರೂ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ಆಫೀಸಿನ ಮೀಟಿಂಗುಗಳ ನಡುವೆ ನೆಟ್‌ವರ್ಕ್ ಹೋದಾಗಲೆಲ್ಲ ನಾನು ಅಲ್ಲಿ ಹೋಗಿ ಕೂರುತ್ತಿದ್ದೆ. ಹಾಗೆ ಕೂತಾಗಲೇ ಸಸಿಗಳು ಕಣ್ಣಿಗೆ ಬಿದ್ದವು. ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಜಾಗದಲ್ಲಿ ಎಣಿಸಿದರೆ ರಾಮಪತ್ರೆಯವೇ ನಲವತ್ತೊಂದು. ಎಲ್ಲವೂ ಗೇಣುದ್ದದಿಂದ ಮೊಣಕಾಲಿನವರೆಗೆ. ಸೊಂಟದೆತ್ತರದ್ದು ಒಂದೂ ಇಲ್ಲ. ಆಮೇಲೆ ನೇರವಾಗಿ ದೊಡ್ಡ ಮರಗಳೇ. ಶಾಲೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳೂ ಮಾಸ್ತರರೂ ಮಾತ್ರ ಇದ್ದು ನಡುವಿನ ತರಗತಿಗಳೇ ಖಾಲಿ ಇದ್ದ ಹಾಗೆ.

ಒಂದು ದಿನ ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡೆ. ಅದು ಕರಾರುವಾಕ್ಕಾದ ಉಪಕರಣವೇನಲ್ಲ. ಆದರೂ ಅಂದಾಜು ಸಿಗುತ್ತದೆ. ಫೆಬ್ರುವರಿಯ ನಡುಹಗಲು, ಅಂಗಳದಲ್ಲಿ ಹಿಡಿದರೆ 90,000 ಲಕ್ಸಿನ ಆಚೀಚೆ. ಹಳ್ಳದ ದಂಡೆಯ ಸಸಿಯ ತಲೆಯ ಮೇಲೆ ಹಿಡಿದರೆ ಸಾವಿರವನ್ನೂ ಮುಟ್ಟಲಿಲ್ಲ. ನೂರಕ್ಕೆ ಒಂದು. ಆಮೇಲೆ ಓದಿದಾಗ ತಿಳಿಯಿತು, ಪ್ರಪಂಚದ ದಟ್ಟ ಮಳೆಕಾಡುಗಳ ನೆಲಕ್ಕೆಲ್ಲ ಸಿಗುವ ಬೆಳಕು ಹೆಚ್ಚುಕಡಿಮೆ ಇಷ್ಟೇ, ನೂರರಲ್ಲಿ ಒಂದೋ ಎರಡೋ ಪಾಲು.

ಅದೂ ಒಳ್ಳೆಯ ಬೆಳಕಲ್ಲ. ಎಲೆಗೆ ಬೇಕಾದ ಕೆಂಪನ್ನೂ ನೀಲಿಯನ್ನೂ ಮೇಲಿನ ಚಪ್ಪರ ಹೀರಿಕೊಂಡಿರುತ್ತದೆ. ಕೆಂಪಿನ ಆಚೆಯ, ನಮ್ಮ ಕಣ್ಣಿಗೆ ಕಂಡೂ ಕಾಣದ ದೂರಗೆಂಪು ಮಾತ್ರ ಧಾರಾಳವಾಗಿ ಕೆಳಗಿಳಿಯುತ್ತದೆ. ಗಿಡದೊಳಗೆ ಫೈಟೋಕ್ರೋಮ್ ಎಂಬ ವರ್ಣದ್ರವ್ಯವೊಂದಿದೆ. ಅದು ಈ ಎರಡು ಕೆಂಪುಗಳ ಪ್ರಮಾಣ ನೋಡಿ ತಲೆಯ ಮೇಲೆ ಇನ್ನೊಂದು ಎಲೆ ಇದೆಯೋ ಇಲ್ಲವೋ ಎಂದು ಹೇಳಬಲ್ಲದು. ಎಂದರೆ ಸಸಿಗೆ ಕತ್ತಲೆಯೂ ನೆರಳೂ ಒಂದೇ ಅಲ್ಲ. ತಾನು ಇನ್ನೊಬ್ಬರ ಅಡಿಯಲ್ಲಿದ್ದೇನೆ ಎಂಬುದು ಅದಕ್ಕೆ ಗೊತ್ತು.

ಆ್ಯಪ್ ಹಿಡಿದು ಕೂತಿದ್ದಾಗ ಇನ್ನೊಂದು ಸಂಗತಿ ನಡೆಯಿತು. ಮೇಲೆಲ್ಲೋ ಗಾಳಿ ಬೀಸಿ ಕೊಂಬೆ ಸರಿದು, ರೂಪಾಯಿಯಷ್ಟಗಲದ ಬಿಸಿಲಿನ ಬೊಟ್ಟೊಂದು ಒಂದು ಎಲೆಯ ಮೇಲೆ ಬಿತ್ತು. ಅಂಕಿ 20,000 ದಾಟಿತು. ನಾನು ಹತ್ತು ಎಣಿಸುವಷ್ಟರಲ್ಲಿ ಮತ್ತೆ ಕೆಳಗಿಳಿಯಿತು. ಕಾಡಿನ ನೆಲದ ಸಸಿ ದಿನವಿಡೀ ಗಳಿಸುವ ಬೆಳಕಿನಲ್ಲಿ ದೊಡ್ಡ ಪಾಲು, ಎಷ್ಟೋ ಕಡೆ ಅರ್ಧಕ್ಕೂ ಮೇಲೆ, ಇಂಥ ಬೊಟ್ಟುಗಳಿಂದಲೇ ಬರುವುದು. ಬಿಸಿಲು ಬಂದಾಗ ಎಲೆ ತಯಾರಾಗಿರಬೇಕು. ತಯಾರಾಗುವಷ್ಟರಲ್ಲಿ ಬಿಸಿಲು ಹೋಗಿದ್ದರೆ ಆ ಹೊತ್ತಿನ ಊಟ ಹೋದ ಹಾಗೆ.

ಇಷ್ಟು ತಿಳಿದದ್ದೇ ತಡ, ನನ್ನ ತಲೆಯಲ್ಲಿ ಪ್ರಾಜೆಕ್ಟೊಂದು ಹುಟ್ಟಿತು. ರಾಮಪತ್ರೆಯ ಕಾಯಿಯೊಳಗೆ ಬೀಜ ಸುತ್ತಿಕೊಂಡಿರುವ ಕೆಂಪು ಪತ್ರೆಗೆ ಒಳ್ಳೆಯ ದರವಿದೆ. ಕಾಡಿನಲ್ಲಿ ಮರ ಕಡಿಮೆಯಾಗುತ್ತಿದೆ. ಇಲ್ಲಿ ನಲವತ್ತೊಂದು ಸಸಿ ಬಿಟ್ಟಿಯಾಗಿ ನಿಂತಿವೆ. ಕೊರತೆ ಇರುವುದು ಬೆಳಕಿನದು. ಬೆಳಕು ಬಿಟ್ಟರೆ ಆಯಿತು.

ಅಪ್ಪಯ್ಯನಿಗೆ ಹೇಳಿದೆ. ಅವರು ಎಲೆಯಡಿಕೆ ಮಡಿಸುತ್ತ, "ಬೆಳೀತಿಲ್ಲೆ ಅಂದ್ರೆ ಸಾಯ್ತಾ ಇದ್ದು ಹೇಳಿ ಅಲ್ಲ, ತಮಾ" ಎಂದರು. ಅಷ್ಟೇ. ಬೇಡ ಎನ್ನಲಿಲ್ಲ. ನಮ್ಮ ಕಡೆಯ ಅಪ್ಪಂದಿರು ಪಟ್ಟಣದಲ್ಲಿ ಓದಿ ಬಂದ ಮಕ್ಕಳಿಗೆ ಬೇಡ ಎನ್ನುವುದನ್ನು ಯಾವಾಗಲೋ ಬಿಟ್ಟಿದ್ದಾರೆ.

ಸೊಪ್ಪು ಕಡಿಯಲು ಬರುವವನೂ "ಈಗೆಂತಾ ಸೊಪ್ಪು ಕಡಿಯೂದು ಹೆಗಡೇರೇ, ಮಳೆ ಹಿಡೀಲಿ" ಎಂದ. ನನಗೆ ಮಳೆ ಹಿಡಿಯುವ ತನಕ ಊರಲ್ಲಿರುತ್ತೇನೋ ಇಲ್ಲವೋ ಗೊತ್ತಿರಲಿಲ್ಲ. ಆಫೀಸಿನವರು ಯಾವಾಗ ಬೇಕಾದರೂ ಕರೆಯಬಹುದಿತ್ತು. ಎರಡು ದಿನ ಮರ ಹತ್ತಿಸಿದೆ. ಒಂದು ನೇರಳೆಯ ಮತ್ತು ಎರಡು ಹೈಗದ ಕೊಂಬೆಗಳು ಉರುಳಿದವು. ಮೂರನೇ ದಿನ ಆ ಜಾಗದಲ್ಲಿ ಆಕಾಶ ಕಂಡಿತು. ಆ್ಯಪ್ ಹಿಡಿದೆ. 60,000. ಫೋಟೋ ತೆಗೆದು ಆಫೀಸಿನ ಗೆಳೆಯರ ಗುಂಪಿಗೆ ಹಾಕಿದೆ. ತುಂಬಾ ಜನ ಹೆಬ್ಬೆರಳು ಎತ್ತಿದರು.

ಮೊದಲ ವಾರ ಏನೂ ಆಗಲಿಲ್ಲ. ಎರಡನೇ ವಾರ ಎಲೆಗಳ ಹಸಿರು ತಿಳಿಯಾಯಿತು. ಹೊಸ ಚಿಗುರಿನ ಲಕ್ಷಣ ಎಂದುಕೊಂಡೆ. ಅದು ಸುಡುವ ಲಕ್ಷಣವಾಗಿತ್ತು. ನೂರರಲ್ಲಿ ಒಂದು ಪಾಲು ಬೆಳಕಿಗೆಂದು ಕಟ್ಟಿದ ಎಲೆ ಅದು. ಅದಕ್ಕೆ ಅರವತ್ತು ಪಾಲು ಬಂದರೆ ಹೀರಿಕೊಳ್ಳುವುದಕ್ಕೂ ಆಗುವುದಿಲ್ಲ, ಬೇಡ ಎನ್ನುವುದಕ್ಕೂ ಆಗುವುದಿಲ್ಲ. ಬಳಸಲಾಗದೆ ಉಳಿದ ಬೆಳಕು ಎಲೆಯ ಯಂತ್ರವನ್ನೇ ಒಡೆಯುತ್ತದೆ. ಮಾರ್ಚಿನಲ್ಲಿ ಅಂಚು ಕಂದಾಯಿತು. ಕಾಲಿಟ್ಟರೆ ಮೆತ್ತಗೆ ಒದ್ದೆಯಾಗಿರುತ್ತಿದ್ದ ದರಕು ಹಪ್ಪಳದ ಹಾಗೆ ಸದ್ದು ಮಾಡತೊಡಗಿತು. ಆಗ ಹೊಳೆಯಿತು: ಮೇಲಿನ ಚಪ್ಪರ ತಡೆದಿದ್ದದ್ದು ಬೆಳಕನ್ನೊಂದೇ ಅಲ್ಲ. ಗಾಳಿಯನ್ನು, ಶಾಖವನ್ನು, ನೆಲದ ಪಸೆ ಆರುವುದನ್ನು ಎಲ್ಲ ತಡೆದಿತ್ತು. ನಾನು ಒಂದು ಕಿಟಕಿ ತೆಗೆಯುತ್ತೇನೆಂದು ಮಾಡೇ ಕಿತ್ತಿದ್ದೆ.

ಕೊಡದಲ್ಲಿ ನೀರು ಹೊತ್ತು ಹಾಕಿದೆ. ಸೋಗೆ ಮುಚ್ಚಿದೆ. ಏಪ್ರಿಲ್ ಮುಗಿಯುವಾಗ ಅರ್ಧಕ್ಕರ್ಧ ಹೋಗಿದ್ದವು. ಜೂನಿನಲ್ಲಿ ಮಳೆ ಬಂದ ಮೇಲೆ ಉಳಿದವು ಚೇತರಿಸಿಕೊಳ್ಳುತ್ತವೆ ಎಂದು ಕಾದರೆ, ಮಳೆಯ ಜೊತೆ ಯುಪಟೋರಿಯಂ ಎದ್ದಿತು. ಒಂದೂವರೆ ತಿಂಗಳಲ್ಲಿ ಎದೆಯೆತ್ತರ. ಅದನ್ನು ಕಿತ್ತು ಎಣಿಸಿದಾಗ ಜೀವವಿದ್ದ ರಾಮಪತ್ರೆ ಒಂಬತ್ತು. ಬಂಡೆಯ ಪಕ್ಕದ ಹಳೆಯ ಸಸಿ ಅವುಗಳಲ್ಲೊಂದು. ಪಡುವಣ ಬಿಸಿಲಿಗೆ ಬಂಡೆ ಅಡ್ಡ ಇದ್ದದ್ದರಿಂದ ಬದುಕಿತ್ತು. ಇದ್ದ ಎಲೆಗಳಲ್ಲಿ ನಾಲ್ಕು ಉಳಿದಿದ್ದವು.

ಅಪ್ಪಯ್ಯ ಏನೂ ಅನ್ನಲಿಲ್ಲ. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು.

ಆ ಶ್ರಾವಣದಲ್ಲಿ ಮಲೆಮನೆಯ ಕಡೆ ನೆಂಟರ ಮನೆಗೆ ಹೋಗಬೇಕಾಗಿ ಬಂತು. ಬರುವಾಗ ಅಪ್ಪಯ್ಯ ಕತ್ತಲೆಕಾನಿನ ಹತ್ತಿರ ಗಾಡಿ ನಿಲ್ಲಿಸು ಎಂದರು. ಸಿದ್ದಾಪುರ ತಾಲ್ಲೂಕಿನ ಈ ಕಾನಿಗೆ ಹೆಸರು ಇಟ್ಟವರು ಯಾರೋ, ಕಣ್ಣಿಗೆ ಕಂಡದ್ದನ್ನೇ ಇಟ್ಟಿದ್ದಾರೆ. ಇಲ್ಲಿನ ಹಳ್ಳಗಳ ಜೌಗಿನಲ್ಲಿ ರಾಮಪತ್ರೆಯ ನೆಂಟರಾದ ಕಾಡು ಜಾಯಿಕಾಯಿ ಮರಗಳು ಕೆಸರಿನಿಂದ ಬೇರು ಮೇಲೆತ್ತಿ ನಿಂತಿವೆ. ಬೇರೆಲ್ಲೂ ಗುರುತಿಸಿರದಿದ್ದ ಒಂದು ಮರಕ್ಕೆ 2000ದಲ್ಲಿ ಈ ಕಾನಿನ ಹೆಸರನ್ನೇ ಸೇರಿಸಿ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು. ಉತ್ತರ ಕನ್ನಡದ ಕಾನುಗಳ ಬಗ್ಗೆ ಬಹುಕಾಲ ಕೆಲಸ ಮಾಡಿದ ಎಂ. ಡಿ. ಸುಭಾಷ್ ಚಂದ್ರನ್ ಅವರಂಥವರ ಬರಹಗಳಿಂದ ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅಂದು ಅಪ್ಪಯ್ಯ ತೋರಿಸಿದ್ದು ಬಿದ್ದ ಒಂದು ಮರವನ್ನು.

ಆ ವರ್ಷದ ಗಾಳಿಮಳೆಗೆ ಬುಡ ಸಮೇತ ಉರುಳಿತ್ತು. ಬೇರಿನ ಬುಡದ ಮಣ್ಣು ಗೋಡೆಯಂತೆ ಎದ್ದು ನಿಂತಿತ್ತು. ಮೇಲೆ ಆಕಾಶದ ತುಂಡು. ನನ್ನ ಬೆಟ್ಟದಲ್ಲಿ ನಾನು ತೆಗೆದಷ್ಟೇ ಅಗಲದ್ದು. ಕೆಳಗೆ ಬಗ್ಗಿ ನೋಡಿದರೆ ಸಸಿಗಳು. ಒಂದೆರಡರ ಮೇಲೆ ಕೊಂಬೆ ಬಿದ್ದು ಮುರಿದಿದ್ದವು. ಉಳಿದವುಗಳ ಹಳೆಯ ಎಲೆಗಳಲ್ಲಿ ಕೆಲವು ತಿಳಿಯಾಗಿದ್ದರೂ, ತುದಿಯಲ್ಲಿ ಹೊಸ ಚಿಗುರು ಇತ್ತು.

"ಮರ ಬೀಳದು ಯಾವಾಗ ಹೇಳು ನೋಡನ" ಎಂದರು ಅಪ್ಪಯ್ಯ.

"ಮಳೆಗಾಲದಲ್ಲಿ."

"ಹಾಂ. ಬೆಳಕು ಬತ್ತು, ಅದ್ರ ಸಂತಿಗೇ ಮಳೆನೂ ಇರ್ತು."

ನೆಲ ನೆನೆದು ಮೆತ್ತಗಾಗಿರುವಾಗ, ಎಲೆಗಳು ನೀರು ಹೊತ್ತು ಭಾರವಾಗಿರುವಾಗ, ಆರಿದ್ರಾ ಪುನರ್ವಸುವಿನ ಗಾಳಿಗೆ ಮರ ಬೀಳುತ್ತದೆ. ಚಪ್ಪರದಲ್ಲಿ ತೂತಾದರೂ ಮೇಲೆ ಮೋಡವಿರುತ್ತದೆ. ಬೆಳಕು ಹೆಚ್ಚುತ್ತದೆ, ಆದರೆ ಬಿಸಿಲಾಗಿ ಅಲ್ಲ. ಮಣ್ಣಿನಲ್ಲಿ ಬೇಕಾದಷ್ಟು ನೀರು. ಸಸಿಗೆ ನೆರಳಿನ ಎಲೆ ಬಿಟ್ಟು ಬಿಸಿಲಿನ ಎಲೆ ಕಟ್ಟಿಕೊಳ್ಳಲು, ಬೇರು ಇಳಿಸಲು, ದಸರೆಯವರೆಗೂ ಪುರಸೊತ್ತು. ಮೊದಲ ಬೇಸಿಗೆ ಬರುವ ಹೊತ್ತಿಗೆ ಅದು ಬೇರೆಯೇ ಸಸಿಯಾಗಿರುತ್ತದೆ. ಕಾನು ಬೆಳಕನ್ನು ಆಷಾಢದಲ್ಲಿ ತರುತ್ತದೆ. ನಾನು ಮಾಘದಲ್ಲಿ ತಂದಿದ್ದೆ.

ಪುಣೆಗೆ ಮರಳಿದ ಮೇಲೆ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ತಪ್ಪು ಮಾಡಿದವನ ಓದು ಅದು. ಜೋಸೆಫ್ ಕಾನೆಲ್ ಎಂಬ ವಿಜ್ಞಾನಿ 1963ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನಲ್ಲಿ ಗಡಿ ಹಾಕಿ, ಒಳಗಿನ ಸಸಿಗಳಿಗೆಲ್ಲ ಗುರುತು ಕಟ್ಟಿ, ಮತ್ತೆ ಮತ್ತೆ ಹೋಗಿ ಅಳೆಯಲು ಶುರುಮಾಡಿದರು. ಒಂದು ಜಾತಿಯ ಮರದ ಸಸಿಗಳನ್ನು 32 ವರ್ಷ ಹಿಂಬಾಲಿಸಿ ಬರೆದ ಲೇಖನವೇ ಇದೆ. ಹೆಚ್ಚಿನವು ಸಾಯುತ್ತವೆ. ಸಾಯದವು ದಶಕಗಟ್ಟಲೆ ಗಿಡ್ಡವಾಗಿಯೇ ನಿಂತಿರಬಲ್ಲವು. ಅಪ್ಪಯ್ಯನ ಬಂಡೆಯ ಗುರುತನ್ನು ನಾನು ನಂಬಿದ್ದು ಅದನ್ನು ಓದಿದ ಮೇಲೆ. ಮಳೆಕಾಡಿನ ಹಲವು ಮರಗಳಲ್ಲಿ ವರ್ಷದ ಉಂಗುರ ಸರಿಯಾಗಿ ಮೂಡುವುದಿಲ್ಲ. ಹಾಗಾಗಿ ಸಸಿಯ ವಯಸ್ಸು ತಿಳಿಯಲು ಯಾರಾದರೂ ಒಬ್ಬರು ಅಲ್ಲೇ ಇದ್ದು ನೋಡುತ್ತಿರಬೇಕು. ಕಾನೆಲ್ ಪಟ್ಟಿ ಕಟ್ಟಿದರು. ಅಪ್ಪಯ್ಯ ಬಂಡೆ ನೆನಪಿಟ್ಟುಕೊಂಡರು.

ನಿಂತಿರುವುದೂ ಸುಮ್ಮನೆ ಅಲ್ಲ. ರಾಮಪತ್ರೆಯ ದಪ್ಪ ಬೀಜವನ್ನು ಮಂಗಟ್ಟೆಯಂಥ ದೊಡ್ಡ ಹಕ್ಕಿಗಳು ಪತ್ರೆಯ ಆಸೆಗೆ ನುಂಗಿ ಬೇರೆಡೆ ಉಗುಳುತ್ತವೆ. ಆ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವಂಥದ್ದಲ್ಲ, ಒಣಗಿದರೆ ಸತ್ತಿತು. ಹಾಗಾಗಿ ಅದು ಬಿದ್ದ ಮಳೆಗಾಲದಲ್ಲೇ ಮೊಳೆಯಬೇಕು. ಜೊತೆಗೆ ತಾಯಿ ಕಟ್ಟಿಕೊಟ್ಟ ಬುತ್ತಿಯಿದೆ. ಬುತ್ತಿ ಮುಗಿದ ಮೇಲೆ ಕಡಿಮೆ ಗಳಿಕೆ, ಅದಕ್ಕಿಂತ ಕಡಿಮೆ ಖರ್ಚು. ಒಂದು ಎಲೆ ಕಟ್ಟಿದರೆ ವರ್ಷಗಟ್ಟಲೆ ಅದನ್ನೇ ಬಾಳಿಸಬೇಕು. ಉಪ್ಪಳಿಗೆಯ ಹಾದಿ ಬೇರೆ. ಅದರ ಪುಟ್ಟ ಬೀಜ ಮಣ್ಣಿನೊಳಗೆ ಮಲಗಿ ಚಪ್ಪರ ಒಡೆಯುವುದನ್ನು ಕಾಯುತ್ತದೆ. ಬೆಳಕು ಬಿದ್ದೊಡನೆ ಎದ್ದು ದಡದಡ ಬೆಳೆಯುತ್ತದೆ. ನೆರಳಿನಲ್ಲಿ ಅದು ಬಾಳುವುದಿಲ್ಲ. ಇಬ್ಬರೂ ಕಾಯುವವರೇ. ಒಬ್ಬರು ಬೀಜವಾಗಿ ಕಾಯುತ್ತಾರೆ, ಇನ್ನೊಬ್ಬರು ಸಸಿಯಾಗಿ.

ನನ್ನ ಕಥೆ ಕೇಳಿದ ಸಹೋದ್ಯೋಗಿಯೊಬ್ಬರು ಪುಸ್ತಕ ಕೊಟ್ಟರು. ಜರ್ಮನಿಯ ಅರಣ್ಯಪಾಲಕ ಪೀಟರ್ ವೊಲ್ಲೆಬೆನ್ 2015ರಲ್ಲಿ ಬರೆದದ್ದು, ಈಗ ಎಲ್ಲ ಕಡೆ ಓದುವ ಪುಸ್ತಕ. ಅಲ್ಲಿನ ಬೀಚ್ ಮರಗಳು ನೆರಳು ಹಾಕಿ ಮಕ್ಕಳನ್ನು ನಿಧಾನ ಬೆಳೆಸುತ್ತವೆ, ಅದು ತಾಯಿಯ ಶಿಸ್ತು, ನಿಧಾನ ಬೆಳೆದ ಮರದ ಒಡಲು ಗಟ್ಟಿ, ಆಯುಷ್ಯ ಹೆಚ್ಚು ಎನ್ನುತ್ತಾರೆ. ಓದಲು ಹಿತ. ನಿಧಾನ ಬೆಳೆದ ಮರ ಗಟ್ಟಿ ಎಂಬುದನ್ನು ನಮ್ಮೂರ ಬಡಗಿಯೂ ಹೇಳುತ್ತಾನೆ. ಆದರೆ ತಾಯಿಯ ಶಿಸ್ತು ಎಂಬ ಮಾತು ನನಗೆ ಒಗ್ಗಲಿಲ್ಲ. ತಾಯಿಮರದ ಅಡಿಯೇ ಸಸಿಗೆ ಎಲ್ಲಕ್ಕಿಂತ ಅಪಾಯದ ಜಾಗ ಎಂದು 1970ರ ಸುಮಾರಿಗೆ ಡೇನಿಯಲ್ ಜಾನ್ಜೆನ್ ಮತ್ತು ಅದೇ ಕಾನೆಲ್ ಬೇರೆ ಬೇರೆಯಾಗಿ ಹೇಳಿದರು. ಆ ಜಾತಿಯನ್ನೇ ತಿನ್ನುವ ಹುಳ, ಶಿಲೀಂಧ್ರ ಎಲ್ಲ ಅಲ್ಲೇ ಬೀಡುಬಿಟ್ಟಿರುತ್ತವೆ. ಮಂಗಟ್ಟೆ ಬೀಜವನ್ನು ದೂರ ಒಯ್ಯುವುದರಿಂದ ಉಪಕಾರವಾಗುವುದು ಅದಕ್ಕೇ. ನಮ್ಮ ಹಳ್ಳದ ದಂಡೆಯ ಸಸಿಗಳಿಗೆ ನೆರಳು ಕೊಡುತ್ತಿದ್ದದ್ದು ನೇರಳೆ, ಹೈಗ, ಹೆಬ್ಬಲಸು. ಯಾವುದೂ ಅವುಗಳ ತಾಯಿಯಲ್ಲ. ಅವು ತಮ್ಮ ಪಾಡಿಗೆ ತಾವು ಬೆಳಕು ತಿನ್ನುತ್ತಿದ್ದವು. ಸಸಿಗಳು ಬಿದ್ದದ್ದನ್ನು ಹೆಕ್ಕಿಕೊಂಡು ಬದುಕಿದ್ದವು.

ನೆರಳು ತಾಯಿಯೂ ಅಲ್ಲ, ಶತ್ರುವೂ ಅಲ್ಲ. ನಾನು ಮೊದಲು ಶತ್ರು ಎಂದುಕೊಂಡು ಕತ್ತಿ ತಂದೆ. ಸಸಿಗಳು ಸತ್ತ ಮೇಲೆ ತಾಯಿ ಎಂದುಕೊಂಡಿದ್ದರೆ ಅಳಲು ಅನುಕೂಲವಾಗುತ್ತಿತ್ತು, ಅಷ್ಟೇ. ಆ ಸಸಿಗಳು ಕಟ್ಟಿಕೊಂಡಿದ್ದ ಎಲೆ, ಬೇರು, ಖರ್ಚಿನ ಲೆಕ್ಕ ಎಲ್ಲವೂ ಆ ನೆರಳಿಗೆ ಹೊಂದಿಸಿದ್ದು. ಲೆಕ್ಕ ಬದಲಿಸಲು ಅವುಗಳಿಗೆ ಬೇಕಿದ್ದದ್ದು ಬೆಳಕು ಮತ್ತು ಒಂದು ಮಳೆಗಾಲ. ನಾನು ಮೊದಲನೆಯದನ್ನು ಮಾತ್ರ ಕೊಟ್ಟೆ. ನನ್ನ ರಜೆಗೆ ಹೊಂದುವ ತಿಂಗಳಲ್ಲಿ ಕೊಟ್ಟೆ.

ಊರು ಬಿಟ್ಟವರಿಗೆ ಇದೊಂದು ರೋಗವೇ ಇರಬೇಕು. ಹೋದ ಹದಿನೈದು ದಿನದಲ್ಲಿ ಏನಾದರೂ ಸರಿಮಾಡಿ ಬರಬೇಕು ಅನ್ನಿಸುತ್ತದೆ. ಅಲ್ಲಿ ನಿಂತಿರುವುದೆಲ್ಲ ನಮಗೆ ನಿಂತುಹೋದದ್ದರ ಹಾಗೆ ಕಾಣುತ್ತದೆ.

ಆ ಮೇಲೆ ನಾವು ಮಾಡಿದ್ದು ಹೆಚ್ಚೇನಿಲ್ಲ. ಚೌಡಿ ಪೂಜೆಯ ಕೆಂಪು ದಾರವನ್ನು ಒಂಬತ್ತು ಸಸಿಗಳಿಗೂ ಸಡಿಲವಾಗಿ ಕಟ್ಟಿದೆ. ಪ್ರತಿ ಮಳೆಗಾಲದ ಕೊನೆಗೆ ಅಪ್ಪಯ್ಯ ಯುಪಟೋರಿಯಂ ಕೀಳಿಸುತ್ತಾರೆ. ಕಡಿದ ಕೊಂಬೆಗಳು ಚಿಗುರಿ ಈಗ ಅರ್ಧ ಮುಚ್ಚಿಕೊಂಡಿವೆ. ನಡುವೆ ಮೂರು ಉಪ್ಪಳಿಗೆ ತಾವೇ ಎದ್ದು ಕೊಡೆ ಹಿಡಿದಿವೆ. ನಾನು ಹರಿದದ್ದಕ್ಕೆ ಕಾಡೇ ತೇಪೆ ಹಾಕಿದೆ. ಒಂಬತ್ತರಲ್ಲಿ ಮೂರು ನಂತರದ ಬೇಸಿಗೆಗಳಲ್ಲಿ ಹೋದವು. ಆರು ಇವೆ.

2024ರ ಪುನರ್ವಸು ಮಳೆಯಲ್ಲಿ ಇಪ್ಪತ್ತು ಹೆಜ್ಜೆ ಆಚೆಯ ಹೆಬ್ಬಲಸಿನ ದೊಡ್ಡ ಕೊಂಬೆಯೊಂದು ಮುರಿದು ಬಿತ್ತು. ಯಾರೂ ಕಡಿದದ್ದಲ್ಲ. ಅದಾದ ಮೇಲೆ ಬೆಳಗಿನ ಹೊತ್ತು ಓರೆಯಾಗಿ ಸ್ವಲ್ಪ ಬೆಳಕು ಬಂಡೆಯವರೆಗೆ ಬರುತ್ತದಂತೆ. ಸುದ್ದಿ ಕೇಳಿ ನಾನು ಕೊಂಬೆಯನ್ನು ಎಳೆಸಿ ಜಾಗ ಚೊಕ್ಕ ಮಾಡಿಸೋಣವೇ ಎಂದೆ. "ಬಿಡು, ಅದೇ ಕೊಳೀತು" ಎಂದರು.

ಕಳೆದ ಭಾನುವಾರ ಅಡಿಕೆ ದರ, ಆಯಿಯ ಮಂಡಿ ಮುಗಿದ ಮೇಲೆ ನಾನು ಕೇಳುವ ಮೊದಲೇ ಹೇಳಿದರು: "ಬಂಡೆ ಬುಡದ್ದು ಎರಡು ಹೊಸ ಎಲೆ ಬಿಟ್ಟಿದ್ದು."

ರಾಮಪತ್ರೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಕಾಯಿ ಬಿಡುವುದು ಹೆಣ್ಣು ಮಾತ್ರ. ಯಾವುದೆಂದು ಹೂ ಬಿಟ್ಟ ಮೇಲೆಯೇ ತಿಳಿಯುವುದು, ಅದಕ್ಕೆ ಮೊದಲು ಮರವಾಗಬೇಕು. ಅಪ್ಪಯ್ಯನಿಗೆ ಎಪ್ಪತ್ತೈದು. ಹೆಣ್ಣೋ ಗಂಡೋ ಎಂದು ನಾನು ಕೇಳಲಿಲ್ಲ. ಎಲೆ ಯಾವ ಬಣ್ಣದ್ದು ಎಂದು ಕೇಳಿದೆ.

"ಕಡುಹಸಿರು" ಎಂದರು. "ನೆರಳಿಂದೇ."